ನಿಮ್ಮ ಆಲ್ಬಮ್ಮಿನ ಕಾಸಿಗೆ ಊರು ಯಾವುದು?

ಹಳೇ ನಾಣ್ಯ ಕೂಡಿಡುವ ಗೆಳೆಯರಿಗೆಲ್ಲ ಚಿತ್ರದುರ್ಗದಿಂದ ಒಬ್ಬ ನಿವೃತ್ತ ಮೇಷ್ಟ್ರ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನೂ ನಿಮ್ಮ ಪೈಕಿಯವನೇ. ನಲವತ್ತು ವರ್ಷ ಕಾಸು ಕೂಡಿಟ್ಟಿದ್ದೇನೆ. ಸಂಬಳ ಬಂದ ದಿನ ದಿನಸಿ ಅಂಗಡಿಗೆ ಹೋಗುವ ಮೊದಲು ಗುಜರಿ ಅಂಗಡಿಗೆ ಹೋಗಿ ಮನೆಯಲ್ಲಿ ಬೈಸಿಕೊಂಡಿದ್ದೇನೆ. ಹಾಗಾಗಿ ಈ ಪತ್ರದಲ್ಲಿ ಬುದ್ಧಿ ಹೇಳುವ ಧಾಟಿ ಎಲ್ಲಾದರೂ ಕಂಡರೆ, ಅದು ನನಗೆ ನಾನೇ ಹೇಳಿಕೊಂಡದ್ದು ಅಂತ ತಿಳಿದುಕೊಳ್ಳಿ.

1984ರಲ್ಲಿ ಅಂಥದೇ ಒಂದು ಗುಜರಿ ಅಂಗಡಿಯಲ್ಲಿ 15 ರೂಪಾಯಿ ಕೊಟ್ಟು ಒಂದು ಸೀಸದ ಕಾಸು ಕೊಂಡೆ. ಆಗಿನ ಒಂದು ರೂಪಾಯಿ ನಾಣ್ಯದಷ್ಟು ಅಗಲ, ಆದರೆ ಕೈಯಲ್ಲಿಟ್ಟರೆ ಭಾರ ಜಾಸ್ತಿ. ಮಣ್ಣು ಮೆತ್ತಿಕೊಂಡಿತ್ತು. ಒಂದು ಕಡೆ ಡುಬ್ಬದ ಎತ್ತು, ಸುತ್ತ ಏನೋ ಅಕ್ಷರ. ಇನ್ನೊಂದು ಕಡೆ ಕಟಕಟೆಯೊಳಗೆ ಒಂದು ಮರ, ಪಕ್ಕದಲ್ಲಿ ಕಮಾನು ಕಮಾನಾಗಿ ಜೋಡಿಸಿದ ಗುಡ್ಡ. ಎಲ್ಲಿ ಸಿಕ್ಕಿದ್ದು ಅಂತ ಕೇಳಿದೆ. ‘ಯಾರೋ ಹಳ್ಳಿಯವರು ತಂದು ಹಾಕಿದ್ರು ಸ್ವಾಮಿ, ತೂಕಕ್ಕೆ ತಗೊಂಡೆ’ ಅಂದ. ಮುಂದೆ ನಾನು ಕೇಳಲಿಲ್ಲ. ಕಾಸು ಸಿಕ್ಕಿತಲ್ಲ, ಸಾಕು ಅನ್ನಿಸಿತ್ತು.

ಮನೆಗೆ ತಂದು ಬಚ್ಚಲಲ್ಲಿ ಕೂತು, ಹುಣಸೆಹಣ್ಣು ಬೂದಿ ಹಾಕಿ, ತಾಮ್ರದ ಚೊಂಬು ತಿಕ್ಕುವ ಹಾಗೆ ತಿಕ್ಕಿದೆ. ಸೀಸ ಎಷ್ಟು ಮೆತ್ತಗಿನ ಲೋಹ ಅಂದರೆ ಉಗುರಿನಿಂದ ಗೀಚಿದರೂ ಗೆರೆ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಕಾಸು ಫಳಫಳ ಅಂತು. ಅಕ್ಷರ ಹೋಗಿತ್ತು. ಎರಡೇ ಎರಡು ಉಳಿದಿದ್ದವು. ಅಲ್ಲಿ ಏನಿತ್ತು ಅನ್ನುವುದು ತಿಳಿದಿದ್ದು ಎಷ್ಟೋ ವರ್ಷ ಆದ ಮೇಲೆ, ಇದೇ ತರಹದ ಚೆನ್ನಾಗಿರುವ ಕಾಸಿನ ಫೋಟೋ ನೋಡಿದಾಗ: ‘ಸದಕಣ ಕಳಲಾಯ ಮಹಾರಠಿಸ’. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಸದಕಣ ಕಳಲಾಯ ಅನ್ನುವ ಮಹಾರಠಿಯದು ಅಂತ ಅರ್ಥ. ಶಾತವಾಹನರ ಕಾಲದಲ್ಲಿ ನಮ್ಮ ದುರ್ಗದ ಸೀಮೆಯನ್ನು ಆಳಿದ ಮಹಾರಠಿಗಳ ಕಾಸು ಅದು. ಈ ಮನೆತನದ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ಇಂಥ ಕಾಸುಗಳಿಂದಲೇ. ನಾನು ಆ ಹೆಸರನ್ನೇ ತಿಕ್ಕಿ ಬಚ್ಚಲ ಮೋರಿಗೆ ಬಿಟ್ಟಿದ್ದೆ.

ಆದರೂ ಅದು ನಾನು ಮಾಡಿದ ಸಣ್ಣ ತಪ್ಪು. ಕಾಸು ಸಿಕ್ಕ ಊರು ಯಾವುದು ಅಂತ ಪಟ್ಟುಹಿಡಿದು ಕೇಳದೆ ಬಂದದ್ದು ದೊಡ್ಡ ತಪ್ಪು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಚಂದ್ರವಳ್ಳಿ ನಿಮಗೆಲ್ಲ ಗೊತ್ತು. ಕೋಟೆ ನೋಡಲು ಬಂದವರು ಕೆರೆ ದಂಡೆ, ಅಂಕಲಿ ಮಠದ ಗುಹೆ ನೋಡಿಕೊಂಡು, ಕಡಲೆಕಾಯಿ ತಿಂದು ಹೋಗುತ್ತಾರೆ. ಅಲ್ಲಿ ಮಳೆ ಬಂದ ಮಾರನೇ ದಿನ ನೆಲ ನೋಡುತ್ತಾ ನಡೆಯಬೇಕು. ಕೆಂಗಂದು ಬಣ್ಣದ ಮೇಲೆ ಬಿಳಿ ಗೆರೆಗಳನ್ನು ಅಡ್ಡಡ್ಡ ಎಳೆದ ಮಡಕೆ ಚೂರುಗಳು ಮೇಲೆದ್ದಿರುತ್ತವೆ. ನಮ್ಮ ಕಡೆ ಬೋಕಿ ಅನ್ನುತ್ತೇವೆ. ಅಂಥ ಒಂದು ಬೋಕಿಯನ್ನು ದುಂಡಗೆ ಉಜ್ಜಿಕೊಂಡು ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಎರಡು ಸಾವಿರ ವರ್ಷದ ಹಿಂದಿನ ಬಿಲ್ಲೆ!

ಈ ಕಣಿವೆಯಲ್ಲಿ ಮೂರು ಸಲ ದೊಡ್ಡ ಅಗೆತ ನಡೆದಿದೆ. ಮೊದಲು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್, ಆಮೇಲೆ 1929ರ ಹೊತ್ತಿಗೆ ಎಂ.ಎಚ್. ಕೃಷ್ಣ, ಕೊನೆಗೆ 1947ರಲ್ಲಿ ಮಾರ್ಟಿಮರ್ ವ್ಹೀಲರ್. ಶಾತವಾಹನರ ಕಾಸು ಸಿಕ್ಕವು, ಮಹಾರಠಿಗಳ ಕಾಸು ಸಿಕ್ಕವು, ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳೂ ಸಿಕ್ಕವು. ನಮ್ಮ ಜನ ಇದನ್ನು ಹೇಳುವಾಗ ಎದೆ ಉಬ್ಬಿಸಿ ‘ರೋಮ್ ಕಾಸು ಸಿಕ್ತಂತೆ ನಮ್ಮೂರಲ್ಲಿ’ ಅನ್ನುತ್ತಾರೆ. ಸರಿಯೇ. ಆದರೆ ನನಗೆ ಅದಕ್ಕಿಂತ ಸ್ವಾರಸ್ಯ ಅನ್ನಿಸುವುದು ಬೇರೆ ಕಥೆ. ಅದರ ನಾಯಕ ಕಾಸಲ್ಲ, ಮಡಕೆ.

1944ರಲ್ಲಿ ವ್ಹೀಲರ್ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಅವರಿಗೊಂದು ದೊಡ್ಡ ತಲೆನೋವಿತ್ತು. ದಕ್ಷಿಣದಲ್ಲಿ ಎಲ್ಲಿ ಅಗೆದರೂ ಮಡಕೆ, ಕಲ್ಲುಗೋರಿ, ಕಬ್ಬಿಣದ ಸಾಮಾನು ಸಿಗುತ್ತಿತ್ತು. ಯಾವ ಕಾಲದ್ದು ಅಂತ ಮಾತ್ರ ಯಾರಿಗೂ ಗಟ್ಟಿಯಾಗಿ ಹೇಳಲು ಆಗುತ್ತಿರಲಿಲ್ಲ. ಹೀಗಿರುವಾಗ ಮದರಾಸಿನ ಮ್ಯೂಸಿಯಂನಲ್ಲಿ ಒಂದು ಬೀರು ತೆಗೆದು ನೋಡುತ್ತಾರೆ, ಒಳಗೆ ಉದ್ದ ಹಿಡಿಕೆಯ ಒಂದು ಮಡಕೆಯ ಕತ್ತು. ನೋಡಿದ ಕೂಡಲೇ ಗುರುತು ಹತ್ತಿತು. ಮೆಡಿಟರೇನಿಯನ್ ಸೀಮೆಯಲ್ಲಿ ದ್ರಾಕ್ಷಾರಸ ತುಂಬುತ್ತಿದ್ದ ಆಂಫೊರಾ! ಎಲ್ಲಿಂದ ಬಂತು ಇದು? ಪುದುಚೇರಿ ಹತ್ತಿರದ ಅರಿಕಮೇಡುವಿನಿಂದ. ತಡಮಾಡದೆ ಫ್ರೆಂಚರ ಪುದುಚೇರಿಗೆ ಹೊರಟರು. ಅಲ್ಲಿನ ಲೈಬ್ರರಿಯಲ್ಲಿ ಇಟ್ಟಿದ್ದ ಚೂರುಗಳ ನಡುವೆ ಕೆಂಪಗೆ ಹೊಳೆಯುವ ತಟ್ಟೆಯ ಚೂರು ಕಂಡಿತು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಕತ್ತನ್ನು ಬೀರುವಿನಲ್ಲಿಟ್ಟ ಪುಣ್ಯಾತ್ಮರು ‘ಅರಿಕಮೇಡು’ ಅನ್ನುವ ಒಂದು ಮಾತನ್ನು ಅದರ ಜೊತೆ ಉಳಿಸಿಕೊಂಡಿದ್ದರು. ಆ ಒಂದು ಮಾತು ಕಳೆದುಹೋಗಿದ್ದರೆ? ಯಾವುದೋ ಹಳೇ ಮಡಕೆ ಕತ್ತು, ಅಷ್ಟೇ. ವ್ಹೀಲರ್ ಬೀರು ಮುಚ್ಚಿ ಕಾಫಿಗೆ ಹೋಗುತ್ತಿದ್ದರೋ ಏನೋ.

ಆ ಕೆಂಪು ತಟ್ಟೆ ಇಟಲಿಯ ಅರೆಟ್ಸೊ ಊರಿನ ಕಡೆಯದು. ಅದನ್ನು ಅರೆಟೈನ್ ಮಡಕೆ ಅನ್ನುತ್ತಾರೆ. ಅದರ ವಿಶೇಷ ಅಂದರೆ ತಟ್ಟೆಯ ಒಳತಳದಲ್ಲಿ ಕುಂಬಾರನ ಹೆಸರಿನ ಠಸ್ಸೆ. ಮಣ್ಣು ಹಸಿ ಇರುವಾಗಲೇ ಒತ್ತಿದ ಪುಟ್ಟ ಮುದ್ರೆ. ಅರಿಕಮೇಡುವಿನಲ್ಲಿ ಸಿಕ್ಕ ಚೂರುಗಳ ಮೇಲೆ ವಿಬಿ, ಕಾಮುರಿ, ಇಟ್ಟಾ ಎಂಬಂಥ ಹೆಸರುಗಳಿದ್ದವು. ಇಟಲಿಯಲ್ಲಿ ಯಾವ ಕುಂಬಾರನ ಸರಕು ಯಾವ ಕಾಲದ್ದು ಅಂತ ವಿದ್ವಾಂಸರು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಇದರಿಂದ ಅರಿಕಮೇಡುವಿಗೆ ಬಂದದ್ದು ಕ್ರಿ.ಶ. ಮೊದಲ ಶತಮಾನದ ಮೊದಲರ್ಧದಲ್ಲಿ ಅಂತ ವ್ಹೀಲರ್ ತೀರ್ಮಾನಿಸಿದರು.

ಇನ್ನು ಸರಪಳಿ ನೋಡಿ. 1945ರಲ್ಲಿ ಅರಿಕಮೇಡು ಅಗೆದಾಗ ಆ ಇಟಲಿ ಚೂರುಗಳ ಜೊತೆ ಇನ್ನೊಂದು ತರಹದ ತಟ್ಟೆಗಳು ರಾಶಿ ಸಿಕ್ಕವು. ನಯವಾದ ಕಪ್ಪು ಬೂದು ಬಣ್ಣ, ಒಳಗೆ ಬಾಗಿದ ಅಂಚು. ತಳದಲ್ಲಿ ಇರುವೆ ಸಾಲು ಹಿಡಿದ ಹಾಗೆ ಸಣ್ಣ ಸಣ್ಣ ಗೀರುಗಳು ಸುತ್ತು ಸುತ್ತಾಗಿ. ಇದಕ್ಕೆ ರೂಲೆಟೆಡ್ ಮಡಕೆ ಅಂತ ಹೆಸರು. ಎರಡು ವರ್ಷ ಬಿಟ್ಟು ವ್ಹೀಲರ್ ನಮ್ಮ ಜಿಲ್ಲೆಗೆ ಬಂದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಅಗೆದರು. ಅಶೋಕನ ಶಾಸನ ಸಿಕ್ಕ ಊರೇ ಅದು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಸಾಹೇಬರು ಪತ್ತೆ ಮಾಡಿದ್ದರು. ಚಂದ್ರವಳ್ಳಿಯನ್ನೂ ಅಗೆದರು. ಎರಡೂ ಕಡೆ ಇದೇ ಗೀರು ಗೀರಿನ ತಟ್ಟೆ! ಚಂದ್ರವಳ್ಳಿಯಲ್ಲಂತೂ ಟೈಬೀರಿಯಸ್ಸನ ನಾಣ್ಯವೂ ಅದರ ಸಂಗಡವೇ ಇತ್ತು. ಇಟಲಿ ಕುಂಬಾರನ ಠಸ್ಸೆಯಿಂದ ಅರಿಕಮೇಡುವಿನ ತಟ್ಟೆಗೆ ಕಾಲ ಸಿಕ್ಕಿತು. ಆ ತಟ್ಟೆಯಿಂದ ಬ್ರಹ್ಮಗಿರಿಯ ಒಂದು ಪದರಕ್ಕೆ ಸಿಕ್ಕಿತು. ಆ ಪದರದ ಕೆಳಗಿದ್ದ ಕಲ್ಲುಗೋರಿಯವರು, ಅವರಿಗಿಂತ ಕೆಳಗಿದ್ದ ಕಲ್ಲುಕೊಡಲಿಯವರು, ಎಲ್ಲರಿಗೂ ಸರದಿ ಪ್ರಕಾರ ಒಂದೊಂದು ಕಾಲ ಸಿಕ್ಕಿತು. ಇಟಲಿಯ ಯಾವನೋ ಕುಂಬಾರ ಮೊಳಕಾಲ್ಮೂರಿನ ಇತಿಹಾಸಕ್ಕೆ ಗಡಿಯಾರ ಕಟ್ಟಿಕೊಟ್ಟಿದ್ದ.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು, ಆದರೆ ಮುಗಿಯಲಿಲ್ಲ. ಗಡಿಯಾರ ನಿಧಾನ ನಡೆಯುತ್ತಿತ್ತು. ಕಲ್ಲುಕೊಡಲಿಯವರಿಗೆ ವ್ಹೀಲರ್ ಕೊಟ್ಟ ಕಾಲ ತೀರಾ ಈಚೆಯದು ಅಂತ ಮುಂದೆ ಹಳೇ ಇದ್ದಿಲು, ಮೂಳೆಯ ವಯಸ್ಸು ಹೇಳುವ ಇಂಗಾಲದ ಪರೀಕ್ಷೆ ಬಂದಾಗ ಗೊತ್ತಾಯಿತು. ಸಾವಿರ ವರ್ಷಕ್ಕೂ ಜಾಸ್ತಿ ಹಿಂದಕ್ಕೆ ಹೋಯಿತು. ರೂಲೆಟೆಡ್ ತಟ್ಟೆ ಇಟಲಿ ಸರಕು ಬರುವ ಮೊದಲೇ, ಕ್ರಿಸ್ತಪೂರ್ವದಲ್ಲೇ ಶುರುವಾಗಿತ್ತು ಅಂತ ಪುರಾತತ್ವ ವಿದ್ವಾಂಸೆ ವಿಮಲಾ ಬೇಗ್ಲಿ 1980ರ ದಶಕದಲ್ಲಿ ತೋರಿಸಿಕೊಟ್ಟರು. ಅದೂ ಅರಿಕಮೇಡುವಿನ ಹಳೇ ಅಗೆತದ ದಾಖಲೆಗಳನ್ನೇ ಮತ್ತೆ ಬಿಚ್ಚಿ ಕೂತು. ಯಾವ ಗುಂಡಿ, ಯಾವ ಪದರ, ಯಾವ ಚೂರು ಅಂತ ವ್ಹೀಲರ್ ಬರೆದಿಟ್ಟಿದ್ದರಿಂದಲೇ ವ್ಹೀಲರ್ ತಪ್ಪು ಸಿಕ್ಕಿಬಿತ್ತು. ನನಗೆ ಈ ಮನುಷ್ಯನ ಮೇಲೆ ಇರುವ ಗೌರವ ಇದಕ್ಕೇ. ಗತ್ತಿನ ಆಸಾಮಿ ಅನ್ನುತ್ತಾರೆ, ಇರಲಿ. ತನ್ನ ಲೆಕ್ಕ ತಪ್ಪಿದ್ದರೆ ಬೇರೆಯವರು ತಿದ್ದಲು ಬೇಕಾದ ಪುಸ್ತಕವನ್ನೂ ಬಿಟ್ಟು ಹೋದ.

ನನ್ನ ಎತ್ತಿನ ಕಾಸಿನ ವಿಷಯದಲ್ಲಿ ಯಾರು ಏನು ತಿದ್ದಲು ಸಾಧ್ಯ ಹೇಳಿ. ಅದಕ್ಕೆ ಗುಂಡಿ ಇಲ್ಲ, ಪದರ ಇಲ್ಲ, ಊರೂ ಇಲ್ಲ. ಗುಜರಿ ಅಂಗಡಿ ಇದೆ.

ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕಾಸಿನ ಮೇಲೆ ರಾಜನ ಹೆಸರೇ ಇದೆಯಲ್ಲ, ಊರು ಯಾಕೆ ಬೇಕು ಅಂತ. ನಮ್ಮಜ್ಜಿ ತೀರಿಕೊಂಡ ಮೇಲೆ ಅವರ ಸಾಸಿವೆ ಡಬ್ಬಿ ಬಿಚ್ಚಿದಾಗ ಜಾರ್ಜ್ ದೊರೆಯ ಒಂದು ಕಾಲಾಣೆ, 1957ರ ನಯಾ ಪೈಸೆ ನಾಲ್ಕು, 1972ರ ನಾಲ್ಕಾಣೆ ಒಂದು ಸಿಕ್ಕಿತ್ತು. ಕಾಲಾಣೆ ನೋಡಿ ‘ಈ ಡಬ್ಬಿ ಬ್ರಿಟಿಷರ ಕಾಲದ್ದು’ ಅಂದರೆ ನಗುತ್ತೀರಿ, ಅಲ್ವಾ? ಡಬ್ಬಿ ಮುಚ್ಚಿದ್ದು 1972ಕ್ಕಿಂತ ಈಚೆಗೆ. ಕೊನೆಯ ಕಾಸು ಹೇಳುವುದೇ ಮಾತು. ಟೈಬೀರಿಯಸ್ ಸತ್ತದ್ದು ಕ್ರಿ.ಶ. 37ರಲ್ಲಿ. ಅವನ ನಾಣ್ಯ ಅದಾದ ಎಷ್ಟೋ ವರ್ಷ ಕೈಯಿಂದ ಕೈಗೆ ಓಡಾಡಿ, ಆಮೇಲೆ ಚಂದ್ರವಳ್ಳಿಯ ಮಣ್ಣಿಗೆ ಬಿದ್ದಿರಬಹುದು. ಬೆಳ್ಳಿ, ಚಿನ್ನ ಯಾರೂ ಸುಮ್ನೆ ಬಿಸಾಕುವುದಿಲ್ಲ. ತಾತ ಕೂಡಿಟ್ಟದ್ದನ್ನು ಮೊಮ್ಮಗ ಹೂತಿಡುತ್ತಾನೆ.

ಮಡಕೆ ಹಾಗಲ್ಲ. ಇವತ್ತು ಒಡೆಯಿತು, ಇವತ್ತೇ ತಿಪ್ಪೆಗೆ. ಒಡೆದ ಮಡಕೆಯನ್ನು ಯಾರೂ ಮಗಳ ಮದುವೆಗೆ ಅಂತ ಎತ್ತಿಡುವುದಿಲ್ಲ. ಅದಕ್ಕೇ ಕಾಲ ಹೇಳುವುದರಲ್ಲಿ ಮಡಕೆ ಕಾಸಿಗಿಂತ ಪ್ರಾಮಾಣಿಕ. ಅದರ ಮೇಲೆ ಠಸ್ಸೆಯೂ ಇದ್ದುಬಿಟ್ಟರೆ ಇನ್ನೇನು ಬೇಕು! ಕಾಸಿನ ಬಾಯಿ, ಮಡಕೆಯ ನಿಯತ್ತು, ಎರಡೂ ಒಂದೇ ಕಡೆ.

ಇದಕ್ಕೆ ಗ್ರೀಸಿನ ರೋಡ್ಸ್ ದ್ವೀಪದ ಹಿಡಿಕೆಗಳನ್ನು ನೋಡಬೇಕು. ಅಲ್ಲಿಂದ ದ್ರಾಕ್ಷಾರಸ ಹೊತ್ತು ಹೋಗುತ್ತಿದ್ದ ಆಂಫೊರಾಗಳಿಗೆ ಎರಡು ಹಿಡಿಕೆ. ಒಂದು ಹಿಡಿಕೆ ಮೇಲೆ ಆ ವರ್ಷ ಸೂರ್ಯದೇವರ ಪೂಜಾರಿಯಾಗಿದ್ದವನ ಹೆಸರು, ಇನ್ನೊಂದರ ಮೇಲೆ ಮಡಕೆ ಮಾಡಿಸಿದವನ ಹೆಸರು. ತಿಂಗಳೂ ಇರುತ್ತದೆ. ಕೆಲವದರಲ್ಲಿ ನಡುವೆ ಗುಲಾಬಿ ಹೂವು, ಕೆಲವದರಲ್ಲಿ ಕಿರಣ ಬಿಟ್ಟ ಸೂರ್ಯನ ಮುಖ. ಪೂಜಾರಿ ವರ್ಷಕ್ಕೊಬ್ಬ ಬದಲಾಗುತ್ತಿದ್ದ. ಅಂದರೆ ಪೂಜಾರಿಗಳ ಸಾಲು ಒಂದು ಸಲ ಸರಿಯಾಗಿ ಜೋಡಿಸಿಬಿಟ್ಟರೆ ಪ್ರತಿ ಹಿಡಿಕೆಯೂ ಒಂದು ಪಂಚಾಂಗ. ಆದರೆ ಜೋಡಿಸುವುದು ಹೇಗೆ? ಪೂರ್ತಿ ಪಟ್ಟಿ ಯಾವುದೂ ಉಳಿದಿಲ್ಲ. ವರ್ಜೀನಿಯಾ ಗ್ರೇಸ್ ಅನ್ನುವ ಅಮೆರಿಕದ ಹೆಂಗಸು ಅಥೆನ್ಸಿನಲ್ಲಿ ಕೂತು ಬದುಕಿನ ಬಹುಭಾಗ ಇದನ್ನೇ ಮಾಡಿದರು. 1994ರಲ್ಲಿ ತೀರಿಕೊಂಡರು. ಹಿಡಿಕೆಗೊಂದು ಚೀಟಿ, ಯಾವ ಊರು, ಯಾವ ಬಾವಿ, ಜೊತೆಗೆ ಏನಿತ್ತು. ರೋಮನ್ನರು ಕಾರ್ತೇಜ್ ನಗರವನ್ನು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿದರು. ಆ ಅವಶೇಷದ ಅಡಿಯಲ್ಲಿ ಸಿಕ್ಕ ಹಿಡಿಕೆಯ ಪೂಜಾರಿ ಅದಕ್ಕಿಂತ ಹಿಂದಿನವನೇ ಆಗಬೇಕಲ್ಲ. ಹೀಗೆ ಒಂದೊಂದೇ ಊರಿನ ಆಧಾರ ಹಿಡಿದು ಸಾಲು ಕೂಡಿಸಿದರು. ಗಮನಿಸಿ, ಹಿಡಿಕೆ ಮೇಲೆ ಅಕ್ಷರ ಇದ್ದರೂ ಅಕ್ಷರ ಒಂದೇ ಸಾಲಲಿಲ್ಲ. ಎಲ್ಲಿ ಸಿಕ್ಕಿತು ಅನ್ನುವುದೇ ಕೈ ಹಿಡಿಯಿತು.

ಈಗ ನಮ್ಮ ಮನೆ ಕಥೆಗೆ ಬರೋಣ. ಕೆಲವು ವರ್ಷದ ಹಿಂದೆ ಒಬ್ಬ ಗೆಳೆಯರು ಆಲ್ಬಮ್ ತಂದು ತೋರಿಸಿದರು. ಹೆಸರು ಬೇಡ, ಇದನ್ನು ಓದಿದರೆ ಅವರಿಗೇ ಗೊತ್ತಾಗುತ್ತದೆ, ಬೇಜಾರು ಮಾಡಿಕೊಳ್ಳುವುದೂ ಇಲ್ಲ. ಪ್ಲಾಸ್ಟಿಕ್ ಹಾಳೆಯ ಕಿಸೆಗಳಲ್ಲಿ ಎಂಟು ಸೀಸದ ಕಾಸು. ಜೆಸಿಬಿ ಹೊಲ ಮಟ್ಟ ಮಾಡುವಾಗ ಒಂದು ಮಡಕೆ ತುಂಬ ಸಿಕ್ಕಿದ್ದಂತೆ. ಐದು ಜನ ಹಂಚಿಕೊಂಡು ಕೊಂಡಿದ್ದರು.

‘ಮಡಕೆ ಎಲ್ಲಿ?’ ಅಂದೆ.

‘ಅದು ಒಡೆದೇ ಹೋಗಿತ್ತು ಸಾರ್. ಬಿಸಾಕಿದ್ರಂತೆ.’

‘ಒಟ್ಟು ಎಷ್ಟಿದ್ದವು?’

‘ಗೊತ್ತಿಲ್ಲ. ಚೆನ್ನಾಗಿದ್ದವು ಮಾತ್ರ ನಮಗೆ ಬಂದ್ವು.’

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆಯೇ ಇದೆ. ಇಲ್ಲಿ ದೊಣ್ಣೆ ಜಾಗದಲ್ಲಿ ಜೆಸಿಬಿ. ಆ ಮಡಕೆ ಯಾವ ಬಗೆಯದು, ಬಾಯಿ ಹೇಗಿತ್ತು, ಮೇಲೆ ಗೆರೆಯೋ ಗುರುತೋ ಇತ್ತೋ, ಎಲ್ಲ ಹೋಯಿತು. ಕಾಸುಗಳ ಲೆಕ್ಕವೂ ಹೋಯಿತು. ಸವೆದ ಕಾಸು ಎಷ್ಟು, ಹೊಸದು ಎಷ್ಟು ಅನ್ನುವುದರಿಂದಲೇ ಆ ಗಂಟನ್ನು ಯಾವಾಗ ಹೂತರು ಅಂತ ಅಂದಾಜು ಮಾಡುವುದು. ‘ಚೆನ್ನಾಗಿದ್ದವು ಮಾತ್ರ’ ಅನ್ನುವ ಒಂದು ಮಾತಿನಲ್ಲಿ ಅದೂ ಮುಗಿಯಿತು.

ಇಡೀ ಗಂಟು ಒಟ್ಟಿಗೆ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಜೋಗಲತೆಂಬಿ ಸಾಕ್ಷಿ. ನಾಸಿಕದ ಹತ್ತಿರದ ಹಳ್ಳಿ. 1906ರಲ್ಲಿ ಅಲ್ಲಿ 13 ಸಾವಿರಕ್ಕೂ ಜಾಸ್ತಿ ಬೆಳ್ಳಿ ನಾಣ್ಯ ಸಿಕ್ಕವು. ಎಲ್ಲ ಪಶ್ಚಿಮ ಭಾರತದ ಕ್ಷತ್ರಪ ಮನೆತನದ ದೊರೆ ನಹಪಾನನ ನಾಣ್ಯ. ಅದರಲ್ಲಿ 9 ಸಾವಿರಕ್ಕೂ ಜಾಸ್ತಿ ನಾಣ್ಯಗಳ ಮೇಲೆ ಶಾತವಾಹನರ ಗೌತಮೀಪುತ್ರ ಶಾತಕರ್ಣಿ ತನ್ನ ಠಸ್ಸೆ ಒತ್ತಿಸಿದ್ದ. ನಹಪಾನನ ಮೂಗಿನ ಮೇಲೇ ಗುಡ್ಡದ ಗುರುತು! ಯಾರು ಯಾರನ್ನು ಸೋಲಿಸಿದರು ಅಂತ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಒಂದು ನಾಣ್ಯ ಸಿಕ್ಕಿದ್ದರೆ ಕುತೂಹಲ ಅಷ್ಟೇ. ಮೂರರಲ್ಲಿ ಎರಡು ಪಾಲು ಅನ್ನುವ ಲೆಕ್ಕ ಸಿಕ್ಕಿದ್ದರಿಂದಲೇ ಅದು ಇತಿಹಾಸ ಆಯಿತು. ಆ ಗಂಟನ್ನೂ ಐದು ಜನ ಹಂಚಿಕೊಂಡು, ‘ಚೆನ್ನಾಗಿದ್ದವು ಮಾತ್ರ’ ಇಟ್ಟುಕೊಂಡಿದ್ದರೆ ಅಂತ ಯೋಚನೆ ಬರುತ್ತದೆ ನನಗೆ. ಎರಡೆರಡು ಠಸ್ಸೆ ಬಿದ್ದು ಗಜಿಬಿಜಿಯಾದ ನಾಣ್ಯವನ್ನು ನಾವು ‘ಚೆನ್ನಾಗಿಲ್ಲ’ ಅಂತಲೇ ತೆಗೆದಿಡುವುದು, ಹೌದೋ ಅಲ್ಲವೋ?

ಸಿಕ್ಕಿದವರು ಯಾಕೆ ಹೇಳುವುದಿಲ್ಲ ಅಂತ ನೀವು ಕೇಳಬಹುದು. ಹೆದರಿಕೆ. ಪೊಲೀಸು, ಮಹಜರು, ಹೊಲ ಹೋಗುತ್ತದೆ ಅನ್ನುವ ಗಾಳಿಮಾತು. ಕಾನೂನೂ ಅವರಿಗೆ ಧೈರ್ಯ ಕೊಡುವ ಹಾಗೆ ಹುಟ್ಟಿದ್ದಲ್ಲ. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆ ನೋಡಿ. ಹತ್ತು ರೂಪಾಯಿಗಿಂತ ಬೆಲೆಬಾಳುವುದು ನೆಲದಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಸರ್ಕಾರಕ್ಕೆ ಬೇಕು ಅನ್ನಿಸಿದರೆ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟು ತೆಗೆದುಕೊಳ್ಳಬಹುದು. ಚಿನ್ನಕ್ಕೆ ಸರಿ. ಸೀಸದ ಕಾಸಿಗೆ ಲೋಹದ ಬೆಲೆ ಅಂದರೆ ಒಂದು ಟೀ ಬರುವುದಿಲ್ಲ. ಮಡಕೆ ಚೂರಿಗಂತೂ ಸೊನ್ನೆ. ನಮ್ಮ ರಾಜ್ಯಕ್ಕೆ 1962ರಲ್ಲಿ ಬೇರೆ ಕಾಯ್ದೆ ಬಂತು. ಆದರೂ ನೆಲದಲ್ಲಿ ಸಿಕ್ಕಿದ್ದಕ್ಕೆ ಬೆಲೆ ಲೋಹದಿಂದ ಅನ್ನುವ ಯೋಚನೆ ನಮ್ಮ ತಲೆಯಿಂದ ಇನ್ನೂ ಹೋಗಿಲ್ಲ. ಇಂಗ್ಲೆಂಡಿನಲ್ಲಿ 1997ರಿಂದ ಒಂದು ಏರ್ಪಾಡು ಇದೆ. ಹೊಲದಲ್ಲಿ ಏನೇ ಸಿಕ್ಕರೂ ಜನ ತಂದು ತೋರಿಸುತ್ತಾರೆ, ಸಿಕ್ಕ ಜಾಗ ಬರೆಸುತ್ತಾರೆ, ಹೆಚ್ಚಿನ ವಸ್ತುಗಳನ್ನು ವಾಪಸು ಮನೆಗೆ ಒಯ್ಯುತ್ತಾರೆ. ಹೀಗೆ ದಾಖಲಾದ ವಸ್ತುಗಳು ಹತ್ತು ಲಕ್ಷ ದಾಟಿವೆ. ಅಲ್ಲಿಯದನ್ನು ಹಾಗೇ ಇಲ್ಲಿ ತಂದು ನೆಡಿ ಅನ್ನುತ್ತಿಲ್ಲ. ಅಲ್ಲೂ ಕದ್ದು ಅಗೆಯುವವರಿದ್ದಾರೆ. ಆದರೆ ವಸ್ತುವಿಗಿಂತ ಮೊದಲು ಜಾಗ ಕೇಳುವ ರೂಢಿ ಇದೆಯಲ್ಲ, ಅದು ನಮಗೂ ಬೇಕು. ಅಧಿಕಾರದಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಕೋರಿಕೆ: ಕಾಸು ತಂದ ರೈತನಿಗೆ ಮೊದಲು ಕುರ್ಚಿ ಕೊಡಿ.

ಇಷ್ಟು ಹೇಳಿದ ಮೇಲೆ ನಮ್ಮ ಪಾಲಿನ ಮಾತು. ರೈತ ಯಾಕೆ ಮಾರುತ್ತಾನೆ? ನಾವು ಕೊಳ್ಳುತ್ತೇವೆ, ಅದಕ್ಕೆ. ನಾವು ಕೊಳ್ಳುತ್ತೇವೆ ಅಂತ ಗೊತ್ತಾದ ಮೇಲೆ ಜನ ಅಮಾವಾಸ್ಯೆ ರಾತ್ರಿ ಗುದ್ದಲಿ ಹಿಡಿದು ಹೋಗುತ್ತಾರೆ. ನೂರು ವರ್ಷ ದಾಟಿದ ಕಾಸು ಕಾನೂನಿನ ಕಣ್ಣಿಗೆ ಪುರಾವಸ್ತು ಅನ್ನುವುದು ಕೊಳ್ಳುವ ನಮಗೂ ನೆನಪಿರಬೇಕು. ಇನ್ನೊಂದು ಕಡೆ ಖೋಟಾ ಮಾಲು. ಸೀಸ ಕರಗಿಸುವುದು ಸುಲಭ, ಒಲೆ ಸಾಕು. ಅಚ್ಚು ಮಾಡಿ ಎರಕ ಹೊಯ್ದರೆ ಒಂದು ಸಂಜೆಗೆ ಹತ್ತು ಸದಕಣ! ಅಂಚಿನಲ್ಲಿ ಎರಕದ ಗೀಟು, ಮೈಮೇಲೆ ಗುಳ್ಳೆ ಒಡೆದ ತೂತು ಇದ್ದರೆ ಅನುಮಾನ ಪಡಿ. ಹೀಗೆ ಕಲಬೆರಕೆಯಾದ ಮೇಲೆ, ಊರು ಗೊತ್ತಿಲ್ಲದ ಕಾಸನ್ನು ಅಭ್ಯಾಸ ಮಾಡುವವರು ಮುಟ್ಟುವುದಕ್ಕೇ ಹಿಂಜರಿಯುತ್ತಾರೆ. ಅಲ್ಲಿಗೆ ನಿಮ್ಮ ಅಸಲಿ ಕಾಸೂ ನಕಲಿಗಳ ಜೊತೆ ಸೇರಿಹೋಯಿತು.

ನೆಲದಿಂದ ಹೊಸದಾಗಿ ಬಂದ ಕಾಸು ಕೊಳ್ಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ನೀವೂ ಬಿಡಿ ಅಂತ ಕೇಳುತ್ತಿದ್ದೇನೆ. ಕಷ್ಟ ಅಂತ ಗೊತ್ತು. ಮೊದಲ ವರ್ಷ ನನಗೂ ಕೈ ಕಡಿಯುತ್ತಿತ್ತು. ಯಾರಾದರೂ ತಂದು ತೋರಿಸಿದರೆ ಓಡಿಸಬೇಡಿ, ಕೂರಿಸಿ ಮಾತಾಡಿಸಿ. ಯಾವ ಊರು, ಯಾರ ಹೊಲ, ಬಾವಿಯಿಂದ ಯಾವ ದಿಕ್ಕಿಗೆ, ಎಷ್ಟು ಆಳ, ಜೊತೆಗೆ ಬೋಕಿ, ಬೂದಿ, ಮೂಳೆ, ಇಟ್ಟಿಗೆ ಏನಿತ್ತು ಅಂತ ಬರೆದುಕೊಳ್ಳಿ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಮಡಕೆ ಚೂರು ಇನ್ನೂ ಅಲ್ಲೇ ಬಿದ್ದಿದ್ದರೆ ಮುಟ್ಟದೆ ಹಾಗೇ ಬಿಡಲು ಹೇಳಿ. ಆಮೇಲೆ ಅವರ ಜೊತೆ ನೀವೇ ತಾಲ್ಲೂಕು ಕಚೇರಿಗೋ ಹತ್ತಿರದ ಮ್ಯೂಸಿಯಂಗೋ ಹೋಗಿ. ಒಬ್ಬನೇ ಹೋಗಲು ಹೆದರುವ ರೈತ, ಜೊತೆಗೆ ಒಬ್ಬ ಮೇಷ್ಟ್ರೋ ಬ್ಯಾಂಕಿನವರೋ ಇದ್ದರೆ ಹೋಗುತ್ತಾನೆ.

ಮನೆಯಲ್ಲಿ ಈಗಾಗಲೇ ಇರುವುದಕ್ಕೆ ಏನು ಮಾಡುವುದು? ತಿಕ್ಕಬೇಡಿ. ಹುಣಸೆಹಣ್ಣು ಸಾರಿಗಿರಲಿ. ಸೀಸದ ಕಾಸನ್ನು ಮರದ ಪೆಟ್ಟಿಗೆಯಲ್ಲೂ ರಟ್ಟಿನ ಡಬ್ಬಿಯಲ್ಲೂ ಇಡಬೇಡಿ. ಕೆಲವು ಜಾತಿ ಮರದಿಂದ, ರಟ್ಟಿನಿಂದ ಹೊರಡುವ ಹುಳಿ ಆವಿ ಸೀಸವನ್ನು ತಿನ್ನುತ್ತದೆ. ನನ್ನ ಎತ್ತು ಹತ್ತು ವರ್ಷ ಮರದ ಪೆಟ್ಟಿಗೆಯಲ್ಲಿತ್ತು. ಒಂದು ದಿನ ತೆಗೆದು ನೋಡಿದರೆ ಮೈತುಂಬ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ಉಳಿದಿದ್ದ ಎರಡು ಅಕ್ಷರದಲ್ಲಿ ಒಂದು ಆ ಪುಡಿಯ ಜೊತೆ ಹೋಯಿತು. ಹಾಗೇ ಇನ್ನೊಂದು, ಸೀಸ ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಮುಖ್ಯವಾಗಿ, ನೆನಪಿದ್ದಾಗಲೇ ಬರೆಯಿರಿ. ನಮ್ಮಲ್ಲಿ ಬಹಳ ಜನಕ್ಕೆ ಅರವತ್ತು ದಾಟಿದೆ. ‘ಇದು ಹಿರಿಯೂರು ರಸ್ತೆಯ ಸಂತೆಯಲ್ಲಿ ಕೊಂಡದ್ದು, ಮಾರಿದವನು ಇಂಥ ಊರಿನ ಕೆರೆ ಹೂಳು ಅಂದಿದ್ದ’ ಅನ್ನುವುದು ತಲೆಯಲ್ಲಿದೆ. ನಾವು ಹೋದ ಮೇಲೆ ಮಕ್ಕಳು ಆಲ್ಬಮ್ಮನ್ನು ತೂಕಕ್ಕೆ ಹಾಕುತ್ತಾರೆ. ಅರ್ಧಂಬರ್ಧ ಸುದ್ದಿಯಾದರೂ ಸರಿ, ಕೇಳಿದ್ದು ಕೇಳಿದ್ದೆಂದೇ ಬರೆದಿಡಿ.

ನನ್ನ ಟ್ರಂಕಿನಲ್ಲಿ ಇರುವುದರಲ್ಲೆಲ್ಲ ಅಮೂಲ್ಯವಾದದ್ದು ಯಾವುದು ಗೊತ್ತೇ? ಒಂದು ಬೋಕಿ. ಅಂಗೈಯ ಅರ್ಧ ಇದೆ. ಕೆಂಗಂದು, ಬಿಳಿ ಗೆರೆ. ಕಾಸಿನ ಲೆಕ್ಕದಲ್ಲಿ ನಾಲ್ಕಾಣೆಯೂ ಬಾಳುವುದಿಲ್ಲ. 1996ರಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿ ತಂದುಕೊಟ್ಟಿದ್ದಳು, ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದಳು: ‘ನಮ್ಮ ದೊಡ್ಡಪ್ಪನ ಹೊಲ. ಹೊಸ ಬಾವಿ. ಮೂರು ಆಳುದ್ದ ಇಳಿದ ಮೇಲೆ ಬೂದಿ ಬಂತು. ಬೂದಿಯ ಕೆಳಗೆ ಇದು ಇತ್ತು. ಇನ್ನೂ ಇವೆ.’ ಕೆಳಗೆ ಊರ ಹೆಸರು, ತಾರೀಕು. ಯಾರೂ ಹೇಳಿಕೊಟ್ಟಿರಲಿಲ್ಲ. ಅಂಥ ಚೀಟಿಯನ್ನು ನಾನು 1984ರಲ್ಲಿ ಬರೆಯಲಿಲ್ಲ.

ಈಗ ದಿನಕ್ಕೆ ನಾಲ್ಕೈದು ಕಾಸಿನಂತೆ ಚೀಟಿ ಬರೆಯುತ್ತಿದ್ದೇನೆ. ಕಣ್ಣು ಮಂಜು, ಕೆಲಸ ನಿಧಾನ. ಬರೆದು ಮುಗಿದ ಮೇಲೆ ಎಲ್ಲವನ್ನೂ ಒಪ್ಪಿಸಿಬಿಡಬೇಕು ಅಂತಿದೆ. ನಿನ್ನೆ ಎತ್ತಿನ ಕಾಸಿನ ಸರದಿ ಬಂತು. ಬಹಳ ಹೊತ್ತು ಯೋಚಿಸಿ ಹೀಗೆ ಬರೆದೆ: ‘ಸೀಸ. ಮಹಾರಠಿ. ಗುಜರಿ ಅಂಗಡಿ, 1984. ಅಕ್ಷರ ನಾನೇ ತಿಕ್ಕಿ ಅಳಿಸಿದ್ದು. ಊರು ಕೇಳಲಿಲ್ಲ.’

ಇಂತಿ ನಿಮ್ಮವ,
ಒಬ್ಬ ನಿವೃತ್ತ ಮೇಷ್ಟ್ರು
ಚಿತ್ರದುರ್ಗ